ಖರೇ ಮಾತ್ರಿ ಅನ್ನುತ್ತಿದ್ದ ಮಾಬುಸಾಬ್ ಚಾಚಾ

ಮಾಬುಸಾಬ್ ಚಾಚಾ ನನ್ನ ಜೊತೆ ಒಂದು ಸಲವೂ ವಾದ ಮಾಡಲಿಲ್ಲ. ಇದನ್ನು ನಾನು ಹೊಗಳಿಕೆಯಾಗಿ ಹೇಳುತ್ತಿಲ್ಲ, ದೂರಾಗಿ ಹೇಳುತ್ತಿದ್ದೇನೆ. ಎದುರಾಳಿ ಮೂರನೆಯ ವಾಕ್ಯದಲ್ಲಿದ್ದಾಗಲೇ ಅವನ ಏಳನೆಯ ವಾಕ್ಯಕ್ಕೆ ಉತ್ತರ ಕಟ್ಟಿಕೊಳ್ಳುವ ಚಟ ನನ್ನದು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಅದರಿಂದ ಬಹುಮಾನದ ಕಪ್‌ಗಳು ಬಂದಿವೆ, ಮನೆಯಲ್ಲಿ ಬೈಗುಳ ಬಂದಿವೆ. ನವಲಗುಂದದ ಬಸ್‌ಸ್ಟ್ಯಾಂಡಿನ ಬಾಜು, ಮಗನ ಮೊಬೈಲ್ ಅಂಗಡಿಯ ಹಿಂದಿನ ಮೂಲೆಯಲ್ಲಿ, ದಾರ ಕಟ್ಟಿದ ಕನ್ನಡಕ ಹಾಕಿಕೊಂಡು ಕೂತಿರುತ್ತಿದ್ದ ಈ ರೇಡಿಯೋ ರಿಪೇರಿಯ ಮುದುಕರು ಮಾತ್ರ ನಾನು ಏನು ಹೇಳಿದರೂ ಕೈಯ ಕೆಲಸ ನಿಲ್ಲಿಸಿ, ನನ್ನ ಮುಖವನ್ನೇ ನೋಡಿ, ತಲೆ ತೂಗಿ, ‘ಖರೇ ಮಾತ್ರಿ ವಕೀಲ್ ಬಾಯಾರ’ ಅಂದುಬಿಡುತ್ತಿದ್ದರು. ಅಂದು, ತಾವು ಮಾಡಬೇಕೆಂದುಕೊಂಡದ್ದನ್ನೇ ಮಾಡುತ್ತಿದ್ದರು.

ನಾನು ವಕೀಲಳಲ್ಲ. ಆಗ ಧಾರವಾಡದ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುತ್ತಿದ್ದೆ, ಭಾನುವಾರಕ್ಕೆ ನವಲಗುಂದದ ಮನೆಗೆ ಬರುತ್ತಿದ್ದೆ. ಅವರ ಪರಿಚಯವಾದದ್ದೂ ಒಂದು ವಾದದಿಂದಲೇ.

ಮೊರಬದಲ್ಲಿ ನನ್ನ ಸೋದರತ್ತೆಯ ಮನೆ. ಅವಳ ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿ ಇಡುವ ಕಟ್ಟಿಗೆಯ ಪೆಟ್ಟಿಗೆಯೊಂದಿತ್ತು. ಹುಟ್ಟಿದಾಗಿನಿಂದ ಅದನ್ನು ನಾನು ಮಣೆ ಎಂದೇ ತಿಳಿದಿದ್ದೆ. ಅಡುಗೆಮನೆಗೆ ಹೊಸ ಕಟ್ಟೆ ಹಾಕಿಸುವಾಗ ಅತ್ತೆಯ ಗಂಡ, ಅಂದರೆ ನನ್ನ ಮಾಮಾ, ಅದನ್ನು ಎತ್ತಿ ತಂದು ಗುಜರಿಯವನ ಗಾಡಿಯ ಮುಂದಿಟ್ಟರು. ಬಿಸಿಲಿಗೆ ಬಂದ ಮೇಲೆ ಗೊತ್ತಾಯಿತು, ಅದು ಹಳೆಯ ವಾಲ್ವ್ ರೇಡಿಯೋ. ಮುಂದೆ ಹರಿದ ಬಟ್ಟೆ, ಕಂಡು ಕೇಳದ ಊರುಗಳ ಹೆಸರು ಬರೆದ ಗಾಜು, ಮೇಲಿನ ಮೂಲೆಯಲ್ಲಿ ಬೆಳಕು ಆರಿದ ಒಂದು ದುಂಡು ಕಣ್ಣು.

‘ಇದು ಇನ್ನ ಒದರೂದಿಲ್ಲ, ಒಯ್ಯೋ ಮಾರಾಯಾ’ ಅಂದರು ಮಾಮಾ.

‘ಒದರೂದಿಲ್ಲಂತ ಹೆಂಗ್ ಹೇಳ್ತೀರಿ? ಕಡೀಕ ಯಾವಾಗ ಹಚ್ಚಿ ನೋಡೀರಿ?’ ಅಂದೆ.

‘ನಿಮ್ಮತ್ತಿ ಮದಿವಿ ಆಗಿ ಬಂದಾಗಿಂದ ಹಿಟ್ಟಿನ ಡಬ್ಬಿ ಹೊತ್ತೈತಿ ಬೇ ಅದು.’

‘ಅದು ಪುರಾವೆ ಅಲ್ರಿ. ಅವಾಗಿಂದ ನೀವೂ ಸಂಸಾರ ಹೊತ್ತೀರಿ. ಒದರೂದು ಬಿಟ್ಟೀರೇನು?’

ಒಳಗೆ ಅತ್ತೆ ನಕ್ಕಿದ್ದು ಹೊರಗೆ ಗುಜರಿಯವನಿಗೂ ಕೇಳಿಸಿತು. ರೇಡಿಯೋದ ಮೇಲೆ ನನಗೆ ಎಳ್ಳಷ್ಟೂ ಪ್ರೀತಿ ಇರಲಿಲ್ಲ. ಸಾಕ್ಷಿ ಇಲ್ಲದ ತೀರ್ಪನ್ನು ಒಪ್ಪಿಕೊಳ್ಳಲು ಆಗಲಿಲ್ಲ, ಅಷ್ಟೇ. ಹಿಂದಿನ ವಾರವಷ್ಟೇ ‘ಹಳೆಯದರ ಮೋಹ ಪ್ರಗತಿಗೆ ಅಡ್ಡಿ’ ಎಂಬ ವಿಷಯದ ಪರವಾಗಿ ಮಾತಾಡಿ ಮೊದಲ ಬಹುಮಾನ ತಂದವಳು ನಾನು. ಆದರೂ ಅದನ್ನು ತೊಡೆಯ ಮೇಲಿಟ್ಟುಕೊಂಡು ನವಲಗುಂದದ ಬಸ್ಸಿನಲ್ಲಿ ಕೂತೆ.

ಕಂಡಕ್ಟರ್ ಎರಡು ಸಲ ನೋಡಿದ. ‘ನಿಮಗ ಫ್ರೀ ಐತ್ರಿ ಅಕ್ಕಾರ. ಇದು ಹೆಂಗಸೋ, ಗಂಡಸೋ?’

‘ಹುಟ್ಟಾ ಅಡಗಿಮನ್ಯಾಗ ಕುಂತು ಹಿಟ್ಟಿನ ಡಬ್ಬಿ ಹೊತ್ತೈತ್ರಿ. ಹೆಂಗಸ ಇರಬೇಕು.’

‘ಹಂಗಾರ ಆಧಾರ್ ಕಾರ್ಡ್ ತೋರಸ್ರಿ’ ಅಂದು ಲಗೇಜ್ ಟಿಕೆಟ್ ಹರಿದು ಕೊಟ್ಟ.

ಒಂದು ಕಾಲಕ್ಕೆ ಆ ಅಂಗಡಿಯಿಡೀ ಮಾಬುಸಾಬ್ ಚಾಚಾ ಅವರದು. ಮಗ ರಿಯಾಜ್ ಮೊಬೈಲ್ ಕವರುಗಳ ಪರದೆ ಇಳಿಬಿಟ್ಟಂತೆಲ್ಲ ಚಾಚಾ ಹಿಂದೆ ಹಿಂದೆ ಸರಿದು, ಕಡೆಗೆ ಒಂದು ಬೆಂಚು, ಒಂದು ಸ್ಟೂಲು, ಒಂದು ಗೂಡಿನಷ್ಟು ಜಾಗದಲ್ಲಿ ಉಳಿದಿದ್ದರು. ನಾನು ತಂದದ್ದಕ್ಕೆ ಅವರು ಕರೆಂಟ್ ಹಚ್ಚಿ ನೋಡಲಿಲ್ಲ. ಹಿಂದಿನ ರಟ್ಟು ಬಿಚ್ಚಿ ಒಳಗೆ ಮೂಗು ಇಟ್ಟರು.

‘ಬಿಳಿಜ್ವಾಳ’ ಅಂದರು. ‘ಮೊನ್ನಿ ಮೊನ್ನಿ ತನಕಾ ರೊಟ್ಟಿ ಮಾಡ್ಯಾರ.’

ಅಷ್ಟರಲ್ಲಿ ರಿಯಾಜ್ ಬಂದು ಅಪ್ಪನ ಹೆಗಲ ಮೇಲೆ ಕೈಯಿಟ್ಟು, ಬಾಗಿ, ಅವರ ಮುಖಕ್ಕೆ ಮುಖ ಕೊಟ್ಟು ನಿಂತ. ಅವನು ಯಾವಾಗಲೂ ಹಾಗೆಯೇ ಮಾತಾಡಿಸುತ್ತಿದ್ದ. ಎಂಥ ವಿನಯ ಎಂದುಕೊಂಡಿದ್ದೆ.

‘ಅಬ್ಬಾಜಾನ್, ಇದೊಂದು ಕಡೀದು. ಮುಂದಿನ ತಿಂಗಳ ಜೆರಾಕ್ಸ್ ಮಷೀನ್ ತರಾಂವ. ಅದಕ್ಕ ಈ ಮೂಲಿ ಬೇಕು.’

‘ತಿಂಗಳಿಗೊಂದು ರೇಡಿಯೋ ಬಂದ್ರ?’

ರಿಯಾಜ್ ನಕ್ಕ. ‘ತಿಂಗಳಿಗೊಂದು ಬರ್ಲಿ, ಚಂದಾಗಿ ಒದರಿ ಹೋಗ್ಲಿ, ಮೂಲಿ ನಿಮ್ಮದ. ಇದರಿಂದ ಚಾಲೂ ಮಾಡ್ರಿ.’ ಆಮೇಲೆ ನನ್ನ ಕಡೆ ತಿರುಗಿ, ‘ಈಗ ಟೀವಿನ ರಿಪೇರಿಗೆ ಬರೂದಿಲ್ರಿ. ರೇಡಿಯೋ ಯಾರ ತರತಾರ?’ ಅಂದ.

ಚಾಚಾ ಪೇಂಟ್ ಬ್ರಶ್ ತೆಗೆದುಕೊಂಡು ಹಿಟ್ಟು ಝಾಡಿಸತೊಡಗಿದರು. ಆ ಬ್ರಶ್ಶಿನ ತುದಿಯಲ್ಲಿ ಅವರ ಮೂಲೆ ಇತ್ತು.

ಮುಂದಿನ ಭಾನುವಾರಗಳನ್ನೆಲ್ಲ ನಾನು ಅಲ್ಲಿಯೇ ಕಳೆದೆ. ಅವರ ಕೆಲಸದಲ್ಲಿ ಅವಸರವೆಂಬುದೇ ಇರಲಿಲ್ಲ. ಇಲಿ ಕಡಿದ ವೈರು ಬದಲಿಸಿದರು. ಸ್ಪೀಕರಿನ ಹರಿದ ಕಾಗದಕ್ಕೆ ತೆಳ್ಳಗಿನ ಕಾಗದ ಅಂಟಿಸಿ ಎರಡು ದಿನ ಒಣಗಲು ಬಿಟ್ಟರು. ಕೆಟ್ಟ ಕಂಡೆನ್ಸರುಗಳನ್ನು ಹಲ್ಲು ಕೀಳುವಂತೆ ಒಂದೊಂದಾಗಿ ಕಿತ್ತರು. ಆಮೇಲೂ ನೇರವಾಗಿ ಕರೆಂಟ್ ಕೊಡಲಿಲ್ಲ. ಹಲಗೆಯ ತುಂಡಿಗೆ ಕೂರಿಸಿದ ಒಂದು ಬಲ್ಬು ಅವರ ಹತ್ತಿರ ಇತ್ತು. ಅದರ ಮೂಲಕ ಹಾಯ್ದೇ ಕರೆಂಟು ರೇಡಿಯೋಕ್ಕೆ ಹೋಗಬೇಕು. ಒಳಗೆ ಎಲ್ಲಾದರೂ ಶಾರ್ಟ್ ಆಗಿದ್ದರೆ ಬಲ್ಬು ಝಗ್ ಎಂದು ಉರಿಯುತ್ತದೆ, ರೇಡಿಯೋ ಬದುಕುತ್ತದೆ.

‘ಮದ್ಲ ಇದನ್ನ ಕೇಳಬೇಕ್ರಿ’ ಎಂದು ಬಲ್ಬು ತೋರಿಸುತ್ತಿದ್ದರು. ‘ನಡುವ ಒಬ್ಬಾಂವ ಶಾಣ್ಯಾ ಇದ್ರ ಮನಿ ಸುಡೂದಿಲ್ಲ.’

ಆ ದಿನ ಬಲ್ಬು ಮಂದವಾಗಿ ಉರಿಯಿತು. ಅವರು ರೇಡಿಯೋದ ಮೇಲೆ ಅಂಗೈ ಇಟ್ಟು, ಜ್ವರ ನೋಡುವವರ ಹಾಗೆ ಬಹಳ ಹೊತ್ತು ಕೂತರು. ಒಳಗೆ ಸಣ್ಣಗೆ ಗುಂಯ್ ಎನ್ನುತ್ತಿತ್ತು.

ನನಗೆ ಅದು ಒಳ್ಳೆಯ ತಾಲೀಮಿನ ಜಾಗವೂ ಆಯಿತು. ಮುಂದಿನ ಸ್ಪರ್ಧೆಯ ಭಾಷಣಗಳನ್ನು ಅವರ ಮುಂದೆ ಒಪ್ಪಿಸುತ್ತಿದ್ದೆ. ಹಳೆಯದನ್ನು ರಿಪೇರಿ ಮಾಡುವುದು ಸಮಯದ ದಂಡ ಎಂದು, ಹಳೆಯದನ್ನೇ ರಿಪೇರಿ ಮಾಡುತ್ತಿದ್ದ ಮನುಷ್ಯನಿಗೆ, ಐದು ಅಂಶಗಳಲ್ಲಿ ಸಾಬೀತು ಮಾಡಿದೆ.

‘ಖರೇ ಮಾತ್ರಿ’ ಅಂದು ಸ್ಕ್ರೂ ತಿರುಗಿಸಿದರು.

ಒಂದೇ ಒಂದು ವಿಷಯದಲ್ಲಿ ಅವರು ಹಟ ಹಿಡಿದರು: ಆ ಬೆಳಕು ಆರಿದ ದುಂಡು ಕಣ್ಣು. ಸ್ಟೇಷನ್ ಸರಿಯಾಗಿ ಸಿಕ್ಕಾಗ, ಅಗಲಿದ್ದ ಹಸಿರು ಬೆಳಕಿನ ಎರಡು ಅಂಚು ಒಂದಕ್ಕೊಂದು ಕೂಡಿಕೊಂಡು ತೋರಿಸುವ ವಾಲ್ವು ಅದು. ಅದು ಸುಟ್ಟಿತ್ತು. ಹೊಸದು ಬೇಕೇ ಬೇಕು ಎಂದು ಹುಬ್ಬಳ್ಳಿಗೆ ಹೋಗಿ ಬಂದರು. ಅಳ್ನಾವರದಲ್ಲಿ ಯಾರೋ ನಿವೃತ್ತ ರೈಲ್ವೆಯವರ ಹತ್ತಿರ ಇದೆಯೆಂದು ಕೇಳಿ ಅಲ್ಲಿಗೂ ಹೋಗಿ ಬಂದರು. ಎಲ್ಲಿಯೂ ಸಿಗಲಿಲ್ಲ. ಜೆರಾಕ್ಸ್ ಮಷೀನು ಬರುವ ಮುಂಚಿನ ಕೊನೆಯ ಭಾನುವಾರ ಬಂತು.

‘ಚಾಚಾ, ಆ ಕಣ್ಣು ಬರೇ ಶೋಕಿ’ ಅಂದೆ. ‘ಧ್ವನಿ ಬಂತೋ ಇಲ್ಲೋ ಅಂತ ಹೇಳಾಕ ಕಿವಿ ಸಾಕಲ್ಲೇನ್ರಿ?’

‘ಖರೇ ಮಾತ್ರಿ’ ಅಂದರು. ಆದರೆ ಕೈ ಕೆಲಸಕ್ಕೆ ಏಳಲಿಲ್ಲ.

ನನಗೆ ಸಿಟ್ಟು ಬಂತು. ಆ ದಿನ ಬೆಳಿಗ್ಗೆಯಷ್ಟೇ ಹಿಂದಿನ ಭಾಷಣದ ವಿರುದ್ಧ ಪಕ್ಷವನ್ನು ಅವರಿಗೆ ಒಪ್ಪಿಸಿದ್ದೆ: ಹಳೆಯದನ್ನು ರಿಪೇರಿ ಮಾಡುವುದೇ ನಿಜವಾದ ಪ್ರಗತಿ. ಅದಕ್ಕೂ ಖರೇ ಮಾತ್ರಿ ಬಂದಿತ್ತು. ಎರಡೂ ಖರೆಯಾಗಲು ಸಾಧ್ಯವಿಲ್ಲವಷ್ಟೇ. ಮುದುಕರು ನನ್ನನ್ನು ಹುಡುಗಿಯೆಂದು ಪುಸಲಾಯಿಸುತ್ತಿದ್ದಾರೆ ಎಂಬ ಗುಮಾನಿ ಬಂತು. ಗುಮಾನಿ ಬಂದರೆ ಪರೀಕ್ಷೆ ಮಾಡಬೇಕು, ಅದು ನನ್ನ ಧರ್ಮ.

ಕಡೆಗೆ ಅವರು ಹಲ್ಲುಜ್ಜುವ ಬ್ರಶ್ಶಿನ ಹಿಡಿಯನ್ನು ಉಜ್ಜಿ ಮಾಡಿಕೊಂಡ ಸ್ಕ್ರೂಡ್ರೈವರ್ ಎತ್ತಿಕೊಂಡರು. ‘ಕೇಳಾವ್ರು ನೀವಲ್ಲೇನ್ರಿ? ನೀವ ಹೇಳ್ರಿ, ಯಾವಾಗ ಚಂದ ಬರತೈತಿ’ ಅಂದು, ಒಳಗಿನ ಸಣ್ಣ ಸ್ಕ್ರೂ ಒಂದನ್ನು ತಿರುಗಿಸುತ್ತ ನನ್ನ ಮುಖ ನೋಡುತ್ತ ಕೂತರು. ರೇಡಿಯೋದಿಂದ ಬರೀ ಸುಯ್ ಸುಯ್ ಸದ್ದು ಬರುತ್ತಿತ್ತು, ಬಾಣಲೆಗೆ ನೀರು ಬಿದ್ದಂತೆ.

‘ಹಾಂ, ಬಂತ್ರಿ, ಅಗದಿ ಸಾಫ್’ ಅಂದೆ. ಹಸಿ ಸುಳ್ಳು.

ಅವರ ಮುಖ ಅರಳಿತು. ಮೇಣದಬತ್ತಿ ಹಚ್ಚಿ, ಸ್ಕ್ರೂ ಕದಲದಂತೆ ಅದರ ಮೇಲೆ ಒಂದು ಹನಿ ಮೇಣ ಬಿಟ್ಟರು. ರೇಡಿಯೋ ಸುಯ್ ಎನ್ನುತ್ತಲೇ ಇತ್ತು. ಅವರು ಅದರ ಮೇಲೆ ಅಂಗೈ ಇಟ್ಟು, ಅದು ನಡುಗುವುದನ್ನು ತಿಳಿದು, ‘ಛಲೋ ಹಾಡಾಕತ್ತೈತಿ’ ಅಂದರು.

ಆ ಒಂದು ಹನಿ ಮೇಣ ಆರುವಷ್ಟು ಹೊತ್ತಿನಲ್ಲಿ ನನಗೆ ಎಲ್ಲವೂ ತಿಳಿಯಿತು. ಹಸಿರು ಕಣ್ಣು ಯಾಕೆ ಬೇಕಿತ್ತು, ಬಲ್ಬನ್ನು ಯಾಕೆ ಅಷ್ಟು ನಂಬುತ್ತಿದ್ದರು, ನಾನು ಮಾತಾಡುವಾಗ ಯಾಕೆ ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನ ಐದು ಅಂಶಗಳು ಎಲ್ಲಿ ಹೋದವು ಎಂಬುದೂ ತಿಳಿಯಿತು. ರಿಯಾಜ್ ಬಂದು ಈ ಸುಯ್ ಸದ್ದು ಕೇಳಿದರೆ ಮೂಲೆ ಹೋಯಿತು. ಅದನ್ನು ಕಳೆಯಲು ನನ್ನ ಒಂದು ಪರೀಕ್ಷೆ ಸಾಕಾಗಿತ್ತು.

ಏನು ಹೇಳುವುದು? ಹೇಳಿದರೂ ಅವರಿಗೆ ಕೇಳಿಸುವುದಿಲ್ಲ. ನಾನು ಎದ್ದು ಅವರ ಎದುರಿಗೆ ಕೂತು, ಉಗುರಿನಿಂದ ಮೇಣ ಕೆರೆದು ತೆಗೆದೆ. ಆಮೇಲೆ ಹೆಬ್ಬೆರಳು, ತೋರುಬೆರಳನ್ನು ಅಗಲ ಮಾಡಿ, ಆ ಆರಿದ ಕಣ್ಣಿನ ಮುಂದೆ ಹಿಡಿದೆ. ಚಾಚಾ ನನ್ನ ಬೆರಳು ನೋಡಿದರು, ನನ್ನನ್ನು ನೋಡಿದರು. ಸ್ಕ್ರೂ ತಿರುಗಿಸಿದರು. ಸುಯ್ ಸದ್ದಿನೊಳಗಿಂದ ಎಲ್ಲೋ ದೂರ ಒಂದು ಗಂಟಲು ಎದ್ದಂತಾಯಿತು. ನಾನು ಬೆರಳುಗಳನ್ನು ಒಂದಿಷ್ಟು ಹತ್ತಿರ ತಂದೆ. ಸ್ಕ್ರೂ ತಿರುಗಿಸುತ್ತ ಅವರು ಆ ಧ್ವನಿಯನ್ನು ದಾಟಿ ಹೋದರು, ಬೆರಳು ಅಗಲವಾದವು. ಹಿಂದೆ ಬಂದರು, ಕೂಡಿದವು. ಹೀಗೆ ನಾಲ್ಕು ಸ್ಕ್ರೂ, ಒಂದು ತಾಸು. ನನ್ನ ಜೀವನದಲ್ಲಿ ನಾನು ಮಾತಾಡದೆ ಕಳೆದ ಅತಿ ದೊಡ್ಡ ತಾಸು ಅದು. ಕಡೆಗೆ ಎರಡು ಬೆರಳೂ ಒಂದಕ್ಕೊಂದು ತಾಗಿದಾಗ, ಹೆಸರು ಬೆಳೆಗೆ ಹಳದಿ ರೋಗ ಬಂದರೆ ಏನು ಮಾಡಬೇಕೆಂದು ರೇಡಿಯೋದಲ್ಲಿ ಒಬ್ಬರು ಅಂಗಡಿ ತುಂಬ ಗಟ್ಟಿಯಾಗಿ ಹೇಳುತ್ತಿದ್ದರು.

ಮುಂದಿನ ಕೌಂಟರಿನಿಂದ ರಿಯಾಜ್ ಓಡಿ ಬಂದ. ಕವರು ಕೊಳ್ಳಲು ಬಂದಿದ್ದ ಇಬ್ಬರು ಇಣುಕಿದರು. ‘ಅಬ್ಬಾಜಾನ್, ಊರಾಗಿನ ಡಿಜೆಕಿಂತ ಸಾಫ್ ಐತಿ’ ಅಂದ, ಹೆಗಲು ಮುಟ್ಟಿ. ಮೂಲೆ ಉಳಿಯಿತು.

ಅವನು ಹೋದ ಮೇಲೆ, ಬಾಗಿ, ಮುಖಕ್ಕೆ ಮುಖ ಕೊಟ್ಟು, ತುಟಿ ದೊಡ್ಡದು ಮಾಡಿ ಕೇಳಿದೆ: ‘ಚಾಚಾ, ಇಷ್ಟ ದಿನ ನಾ ಮಾಡಿದ ವಾದ ಒಂದೂ ಕೇಳಿಸಿಲ್ಲೇನ್ರಿ?’

ಅವರು ಕನ್ನಡಕ ಒರೆಸಿಕೊಂಡರು. ‘ಕೇಳಿಸಿದ್ರ ಒಪ್ಪತಿದ್ನೇನ್ರಿ?’

ಆಮೇಲೆ ತಿಂಗಳಿಗೊಂದು ರೇಡಿಯೋ ಬರಬೇಕಲ್ಲ. ಬರುತ್ತಿತ್ತು. ಅದೇ ರೇಡಿಯೋ. ತಿಂಗಳ ಮೊದಲ ಭಾನುವಾರ ನಾನು ಮನೆಯಲ್ಲಿ ಹಿಂದಿನ ರಟ್ಟು ಬಿಚ್ಚಿ, ಒಂದು ವೈರು ಸಡಿಲ ಮಾಡಿ, ಎತ್ತಿಕೊಂಡು ಅಂಗಡಿಗೆ ಹೋಗುತ್ತಿದ್ದೆ. ‘ಮತ್ತ ಕೆಟ್ತೇನ್ರಿ?’ ಎಂದು ರಿಯಾಜ್ ನಗದೆ ಕೇಳುತ್ತಿದ್ದ. ಹಳೆಯದರ ಮೋಹದ ಬಗ್ಗೆ ನಾನು ಬಹುಮಾನ ತಂದದ್ದು ಅವನಿಗೆ ಗೊತ್ತಿರಲಿಲ್ಲ, ಪುಣ್ಯ. ಚಾಚಾ ಅವರ ಗುಟ್ಟು ಬಲ್ಲವಳು ನಾನೊಬ್ಬಳೇ ಎಂಬ ಜಂಬ ನನಗಿತ್ತು. ಯಾರಾದರೂ ಗಿರಾಕಿ ಅವರನ್ನು ಮಾತಾಡಿಸಿದರೆ ನಡುವೆ ಬಾಯಿ ಹಾಕಿ ಸಂಭಾಳಿಸುತ್ತಿದ್ದೆ.

ಕೊನೆಯ ಸಲ ಹೋದಾಗ ಪರೀಕ್ಷೆಯ ಗಡಿಬಿಡಿಯಲ್ಲಿ ವೈರು ಸಡಿಲ ಮಾಡುವುದೇ ಮರೆತಿದ್ದೆ. ಬೆಂಚಿನ ಮೇಲಿಟ್ಟ ಮೇಲೆ ನೆನಪಾಯಿತು. ಚಾಚಾ ರಟ್ಟು ಬಿಚ್ಚಿದರು. ಯಾವಾಗಲೂ ಸಡಿಲ ಇರುತ್ತಿದ್ದ ವೈರನ್ನು ಮೊದಲು ಮುಟ್ಟಿ ನೋಡಿದರು. ಗಟ್ಟಿಯಾಗಿತ್ತು. ಅಂದರೆ ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಬ್ರಶ್ಶಿನಿಂದ ಇಲ್ಲದ ಧೂಳನ್ನು ಒಂದು ತಾಸು ಝಾಡಿಸಿ, ರಟ್ಟು ಮುಚ್ಚಿ, ರಿಯಾಜ್‌ಗೆ ಕೇಳುವಂತೆ ಗಟ್ಟಿಯಾಗಿ ಹೇಳಿದರು: ‘ಈ ಸಲ ದೊಡ್ಡ ದೋಷ ಇತ್ರಿ ವಕೀಲ್ ಬಾಯಾರ. ಸರಿ ಮಾಡೀನಿ.’

‘ಖರೇ ಮಾತ್ರಿ ಚಾಚಾ’ ಅಂದೆ.

ಪರೀಕ್ಷೆ ಮುಗಿಸಿ ಬರುವಷ್ಟರಲ್ಲಿ ಅವರು ಇರಲಿಲ್ಲ. ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ರಿಯಾಜ್‌ನನ್ನು ಕಾಣಲು ಹೋದಾಗ, ಇನ್ನು ಮುಚ್ಚಿಡುವುದೇನು ಎಂದು, ಅಪ್ಪನಿಗೆ ಕಿವಿ ಕೇಳಿಸುತ್ತಿರಲಿಲ್ಲವೆಂಬ ಸಂಗತಿಯನ್ನು ಮೆಲ್ಲಗೆ, ಪೀಠಿಕೆ ಹಾಕಿ ಹೇಳಿದೆ. ಅವನು ನನ್ನನ್ನೇ ನೋಡಿದ.

‘ಅಕ್ಕಾರ, ಅದು ಇಡೀ ನವಲಗುಂದಕ್ಕ ಗೊತ್ತಿತ್ರಿ. ಯಾರೂ ಅವರ ಮುಂದ ಅಂತಿದ್ದಿಲ್ಲ, ಅಷ್ಟ. ನಿಮಗೊಬ್ಬರಿಗ ತಡಾ ಆತು.’

ಆಮೇಲೆ ಆ ಬಲ್ಬಿನ ಹಲಗೆಯನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. ಮೂಲೆಗೆ ಈಗ ಜೆರಾಕ್ಸ್ ಮಷೀನು ಬಂದಿದೆ.

ಮೊನ್ನೆ ಮಾಮಾ ಸಂತೆಗೆ ಬಂದವರು ನಮ್ಮ ಮನೆಗೆ ಬಂದಿದ್ದರು. ರೇಡಿಯೋ ಹಚ್ಚಿದೆ. ಬರೀ ಗುಂಯ್ ಎಂದಿತು, ಮಾತು ಬರಲಿಲ್ಲ. ಈ ಸಲ ವೈರು ನಾನು ಸಡಿಲ ಮಾಡಿದ್ದಲ್ಲ.

‘ಕೆಟ್ಟೈತಿ ಬಿಡು’ ಅಂದರು ಮಾಮಾ. ‘ರಿಪೇರಿ ಮಾಡಾಂವನ ಹೋದ. ಇನ್ನ ಯಾಕ ಇಟ್ಕೊಂಡು ಕುಂಡ್ರತಿ? ನಿಮ್ಮತ್ತಿಗೆ ಹಿಟ್ಟಿನ ಡಬ್ಬಿಗೆ ಮಣಿ ಬೇಕಾಗೈತಿ.’

ನನ್ನ ಹತ್ತಿರ ಮೂರು ಉತ್ತರಗಳಿದ್ದವು, ಮೂರೂ ಗಟ್ಟಿ.

‘ಖರೇ ಮಾತ್ರಿ ಮಾಮಾ’ ಅಂದೆ. ಅಂದು, ಬಲ್ಬಿನ ಹಲಗೆ ತಂದು ಹಚ್ಚಿ, ಹಿಂದಿನ ರಟ್ಟು ಬಿಚ್ಚಿದೆ.