ಬಿಸಿ ತಾಗಿಸದ ಐದನೇ ಸ್ಲೈಡ್

ಕೊರೋನಾ ಕಳೆದ ಎರಡನೇ ವರ್ಷ. ದೋಹಾದ ಓಲ್ಡ್ ಏರ್‌ಪೋರ್ಟ್ ಕಡೆಯ ಖಾಸಗಿ ಕ್ಲಿನಿಕ್ಕೊಂದರ ಲ್ಯಾಬಿನಲ್ಲಿ ನಾನು ಅಟೆಂಡರ್. ಓದಿದ್ದು ಏಳನೇ ಕ್ಲಾಸು, ಪಡುಬಿದ್ರಿ ಹತ್ತಿರದ ಶಾಲೆಯಲ್ಲಿ. ಗಾಜು ತೊಳೆಯಲು ಸೇರಿದವಳು ಒಂಬತ್ತು ವರ್ಷಗಳಲ್ಲಿ ಸ್ಟೇನಿಂಗ್, ಅಂದರೆ ಬ್ಯಾಕ್ಟೀರಿಯಾಗಳಿಗೆ ಬಣ್ಣ ಹಾಕುವ ಕೆಲಸವನ್ನು ಕಲಿತಿದ್ದೆ. ಕಲಿಸಿದವರು ಮಂಗಳೂರಿನ ಟೆಕ್ನೀಷಿಯನ್ ಹೆನ್ರಿ ಸರ್. ಮೈಕ್ರೋಸ್ಕೋಪಿನಲ್ಲಿ ನೋಡಿ ರಿಪೋರ್ಟ್ ಬರೆಯುವವರು ಅವರು. ನೋಡಲು ಬಣ್ಣ ಬೇಕಲ್ಲ, ಅದು ನನ್ನ ಕೈಯದು.

ಕ್ಷಯದ ಕಫಕ್ಕೆ ಬೇರೆಯೇ ಕ್ರಮ. ಆ ಬ್ಯಾಕ್ಟೀರಿಯಾದ ಮೈಗೆ ಮೇಣದಂಥ ಪದರವಿರುತ್ತದೆ. ಬಣ್ಣ ಸುಲಭಕ್ಕೆ ಒಳಗೆ ಇಳಿಯುವುದಿಲ್ಲ. ಸ್ಲೈಡಿನ ಮೇಲೆ ಕೆಂಪು ಕಾರ್ಬಾಲ್ ಫುಕ್ಸಿನ್ ಸುರಿದು, ಕೆಳಗಿನಿಂದ ಸ್ಪಿರಿಟ್ ದೀಪದ ಉರಿ ಆಡಿಸಬೇಕು. ಉಗಿ ಏಳಬೇಕು, ಕುದಿಯಬಾರದು. ಆಮೇಲೆ ಆಸಿಡ್ ಹಾಕಿದರೆ ಉಳಿದದ್ದೆಲ್ಲ ಬಣ್ಣ ಬಿಡುತ್ತದೆ, ಕ್ಷಯದ್ದು ಬಿಡುವುದಿಲ್ಲ. ಕೊನೆಗೆ ನೀಲಿ ಬಣ್ಣ. ನೀಲಿಯ ನಡುವೆ ಕೆಂಪು ಕಡ್ಡಿ ಕಂಡರೆ ಕಾಯಿಲೆ ಇದೆ ಎಂದರ್ಥ.

ಆ ದಿನ ಐದು ಸ್ಲೈಡ್. ಐದನೆಯ ಚೀಟಿಯಲ್ಲಿ ನನ್ನ ತಮ್ಮ ದಿನೇಶನ ಹೆಸರು. ಅವನು ಇಂಡಸ್ಟ್ರಿಯಲ್ ಏರಿಯಾದ ವರ್ಕ್‌ಶಾಪಿನಲ್ಲಿ ವೆಲ್ಡರ್; ಕ್ಯಾಂಪಿನ ಒಂದು ಕೋಣೆಯಲ್ಲಿ ಎಂಟು ಜನ. ವೀಸಾ ಮಾಡಿಸಿ ಕರೆಸಿದವಳು ನಾನೇ. ಮೂರು ವಾರದಿಂದ ಕೆಮ್ಮು ನಿಲ್ಲದಾಗ ಕ್ಲಿನಿಕ್ಕಿಗೆ ಎಳೆದುತಂದವಳೂ ನಾನೇ. ಕಫದ ಡಬ್ಬಿ ಕೊಡುವಾಗ ಅವನು ನಕ್ಕಿದ್ದ: "ಒಳಗೆ ನೀನಿರುವಾಗ ರೋಗಕ್ಕೆ ಬರ್ಲಿಕ್ಕೆ ಧೈರ್ಯ ಉಂಟಾ ಅಕ್ಕ?"

ಕ್ಷಯ ಎಂದು ಬಂದರೆ ಖಲಾಸ್, ಊರಿಗೆ ಟಿಕೆಟ್ ಎಂದು ಕ್ಯಾಂಪಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಅದು ನಿಜವೇ ಎಂದು ನಾನು ಹೆನ್ರಿ ಸರ್ ಹತ್ತಿರ ಕೇಳಲೂ ಇಲ್ಲ. ನಾಲ್ಕು ಸ್ಲೈಡಿಗೆ ಉರಿ ಆಡಿಸಿದೆ. ಐದನೆಯದು ಬಂದಾಗ ದೀಪವನ್ನು ಪಕ್ಕಕ್ಕಿಟ್ಟು, ಬಿಸಿ ಮಾಡದೆಯೇ ಆಸಿಡ್, ನೀಲಿ ಹಾಕಿ ಕೊಟ್ಟೆ. ರಿಪೋರ್ಟ್ ನೆಗೆಟಿವ್ ಬಂತು. ಡಾಕ್ಟರು ಕೆಮ್ಮಿನ ಔಷಧಿ ಕೊಟ್ಟು ಅವನನ್ನು ಕೆಲಸಕ್ಕೆ ಕಳಿಸಿದರು.

ಹನ್ನೊಂದನೇ ದಿನ ಶುಕ್ರವಾರ. ದಿನೇಶ ಊಟಕ್ಕೆ ಬಂದ. ಕರವಸ್ತ್ರದಲ್ಲಿ ರಕ್ತವಿತ್ತು. "ಬಿಸಿಲಿಗೆ ಇರ್ಬೇಕು. ರಿಪೋರ್ಟ್ ಸರಿ ಉಂಟಲ್ಲ," ಎಂದ. ನಾನು ಅವನ ತಟ್ಟೆಗೆ ಅನ್ನ ಬಡಿಸುತ್ತಿದ್ದೆ.

ಮರುದಿನ ಹೆನ್ರಿ ಸರ್‌ಗೆ ಎಲ್ಲವನ್ನೂ ಹೇಳಿದೆ.

"ಎಂತ ಹೇಳ್ತಿ ಮಾರಾಯ್ತಿ ನೀನು?" ಎಂದವರು ಕಪಾಟಿನ ಕಡೆ ಕೈ ತೋರಿದರು. ಹಳೆಯ ಸ್ಲೈಡುಗಳನ್ನು ಮರುಪರೀಕ್ಷೆಗೆಂದು ಅಲ್ಲಿ ಪೆಟ್ಟಿಗೆಯಲ್ಲಿ ಇಡುತ್ತಿದ್ದೆವು. "ಆ ಐದನೇದನ್ನು ತೆಗಿ. ನೀನೇ ಬಿಸಿ ಮಾಡು."

ಅದೇ ಸ್ಲೈಡಿಗೆ ಮತ್ತೆ ಫುಕ್ಸಿನ್ ಸುರಿದೆ. ಉರಿ ಆಡಿಸಿದೆ, ಉಗಿ ಎದ್ದಿತು. ಅವರು ಮೈಕ್ರೋಸ್ಕೋಪಿಗೆ ಬಗ್ಗಿದರು, ಆಮೇಲೆ ನನಗೆ ಜಾಗ ಬಿಟ್ಟರು. ನೀಲಿಯ ನಡುವೆ ಕೆಂಪು ಕಡ್ಡಿಗಳು ಲೆಕ್ಕವಿಲ್ಲದಷ್ಟಿದ್ದವು.

ಅಂದೇ ದಿನೇಶನನ್ನು ಆಸ್ಪತ್ರೆಗೆ ಸೇರಿಸಿದರು. ಊರಿಗೆ ಕಳಿಸಲಿಲ್ಲ, ಔಷಧಿ ಕೊಟ್ಟರು, ಗುಣವಾಯಿತು. ಕೋಣೆಯ ಉಳಿದ ಏಳು ಜನರನ್ನೂ ಪರೀಕ್ಷಿಸಿದಾಗ ನೇಪಾಳದವನೊಬ್ಬನಿಗೂ ಕಾಯಿಲೆ ಇತ್ತು. ಆ ಹನ್ನೊಂದು ದಿನಗಳಲ್ಲೇ ಅಂಟಿತೆಂದು ಯಾರೂ ಹೇಳಲಾರರು. ಅಲ್ಲವೆಂದೂ ಹೇಳಲಾರರು.

ಮ್ಯಾನೇಜರಿಗೆ ಕೊಡುವ ವರದಿಯನ್ನು ಹೆನ್ರಿ ಸರ್ ನನಗೆ ಕನ್ನಡದಲ್ಲಿ ಓದಿ ಹೇಳಿದರು: ಅಟೆಂಡರಿಗೆ ಓದು ಕಡಿಮೆ, ತಿಳಿಯದೆ ಒಂದು ಹಂತ ತಪ್ಪಿದೆ.

"ಹೀಗೆ ಬರೆದ್ರೆ ನಿನ್ನ ಕೆಲಸ ಉಳೀತದೆ ಪ್ರೇಮಾ. ಸುಮ್ಮನೆ ಸೈನ್ ಮಾಡು."

"ತಿಳಿಯದೆ ಅಂತ ಬರೀಬೇಡಿ ಸರ್. ನಾಲ್ಕಕ್ಕೆ ಬಿಸಿ ಮಾಡಿದವಳಿಗೆ ಐದನೇದಕ್ಕೆ ತಿಳೀಲಿಲ್ವಾ?"

"ನಿಂಗೆ ಮರ್ಲು ಉಂಟಾ? ಹುಚ್ಚು ಹಿಡೀತಾ?"

"ಇದು ತಿಳಿಯದೆ ಮಾಡಿದ್ದಾದ್ರೆ, ಒಂಬತ್ತು ವರ್ಷ ಸರಿ ಮಾಡಿದ್ದೂ ತಿಳಿಯದೆಯೇ ಆಯ್ತಲ್ಲ ಸರ್."

ಅವರು ಆ ಸಾಲನ್ನು ಹೊಡೆದು, ಬೇಕೆಂದೇ ಮಾಡಿದ್ದು ಎಂದು ಬರೆದರು. ನಾನು ಸೈನ್ ಮಾಡಿದೆ. ತಿಂಗಳೊಳಗೆ ಕೆಲಸ ಹೋಯಿತು.

ಆಸ್ಪತ್ರೆಯಲ್ಲಿ ನಾನು ಮಾಡಿದ್ದನ್ನು ಹೇಳಿದಾಗ ದಿನೇಶ ಒಂದೇ ಪ್ರಶ್ನೆ ಕೇಳಿದ: "ಕಾಯಿಲೆ ನಂದಲ್ವಾ ಅಕ್ಕ? ನನ್ನನ್ನು ಕೇಳ್ಬಾರ್ದಿತ್ತಾ?"

ಈಗ ಶಾಲೆಯೊಂದರಲ್ಲಿ ನೆಲ ಒರೆಸುತ್ತೇನೆ. ಲ್ಯಾಬಿನಲ್ಲಿ ಇರುವವರಿಗೆ ಹೇಳುವುದಿಷ್ಟೆ: ಚೀಟಿಯಲ್ಲಿ ನಿಮ್ಮವರ ಹೆಸರು ಕಂಡರೆ ದೀಪ ಮುಟ್ಟಬೇಡಿ, ಬೇರೆಯವರನ್ನು ಕರೆಯಿರಿ. ಇಷ್ಟು ತಿಳಿಯಲು ಕಾಲೇಜು ಬೇಕಿರಲಿಲ್ಲ. 'ಬೇಕಿತ್ತು, ಪಾಪ, ಓದದವಳು' ಎಂದು ಯಾರೂ ನನ್ನ ಪರವಾಗಿ ಹೇಳುವುದೂ ಬೇಡ.