ಆರು ಅಂಕಿಗೆ ಹನ್ನೊಂದು ಸದ್ದು

2003ರ ಬೇಸಿಗೆ. ಆಗ ನಾನು ಬೋರಗಾಂವದಲ್ಲಿ ಗೃಹಿಣಿ; ಈಗಲೂ ಅದೇ ಹುದ್ದೆ. ಗಡಿ ವಿಚಾರಕ್ಕೆ ಅಂದು ಬಂದ್ ಇತ್ತು. ಊಟದ ನಂತರ ಪಡಸಾಲೆಯಲ್ಲಿ ಕೂತು ಗೋಧಿ ಹಸನು ಮಾಡುತ್ತಿದ್ದೆ. ಪಕ್ಕದ ಮನೆಯಲ್ಲಿ ವಿದ್ಯುತ್ ಮಗ್ಗ ನಡೆಸುವ ದಸ್ತಗೀರಣ್ಣ ಹಿಂದಿನ ದಿನದ ಪೇಪರ್ ಹಿಡಿದು ಬಂದರು.

"ಸುಮನ್ ಎಲ್ಲಿದಾಳವಾ? ನರ್ಸ್ ನೌಕರಿದು ಬಂದೈತಿ ನೋಡ್ರಿ ಇದರಾಗ."

ಸುಮನ್ ನನ್ನ ನಾದಿನಿ. ನರ್ಸಿಂಗ್ ಕಲಿತವಳು, ಗಂಡ ತೀರಿಕೊಂಡ ಮೇಲೆ ನಮ್ಮೊಂದಿಗೇ ಇದ್ದಳು. ಅವಳು ಅರ್ಜಿ ಹಾಕಿದ್ದ ಈ ಸರ್ಕಾರಿ ನೌಕರಿ, ವಯಸ್ಸಿನ ಮಿತಿಯ ಪ್ರಕಾರ, ಅವಳಿಗೆ ಕೊನೆಯ ಅವಕಾಶ. ಪೇಪರಿನಲ್ಲಿದ್ದದ್ದು ಇಷ್ಟು: ಬಂದ್‌ನ ಮಾರನೆಯ ಬೆಳಿಗ್ಗೆಯಿಂದ ಮೂರು ದಿನ ಬೆಳಗಾವಿಯಲ್ಲಿ ಸಂದರ್ಶನ. ಅಂಚೆಯಲ್ಲಿ ಪತ್ರ ಬರುವುದಿಲ್ಲ. ಸಂದರ್ಶನಕ್ಕೆ ಆಯ್ಕೆಯಾದವರ ಪಟ್ಟಿ ಇಂಟರ್ನೆಟ್ಟಿನಲ್ಲಿದೆ. ಅದರಲ್ಲಿರುವ ಕ್ರಮಸಂಖ್ಯೆ ಬರೆದು ತರದವರಿಗೆ ಪ್ರವೇಶವಿಲ್ಲ.

ಇಂಟರ್ನೆಟ್ ಅಂಗಡಿಯಿದ್ದದ್ದು ನಿಪ್ಪಾಣಿಯಲ್ಲಿ. ಬಂದ್ ಆದ್ದರಿಂದ ಅದಕ್ಕೂ ಬೀಗ; ಬೇರೆ ಊರಿನವರನ್ನು ಕೇಳೋಣವೆಂದರೆ ಫೋನ್ ಬೂತುಗಳಿಗೂ ಬೀಗ. ಉಳಿದದ್ದು ನಮ್ಮ ಮನೆಯ ಕಂಪ್ಯೂಟರ್. ಕೊಲ್ಲಾಪುರದಲ್ಲಿರುವ ನನ್ನ ಅಣ್ಣ ತನ್ನ ಆಫೀಸಿನವರು ತೆಗೆದುಹಾಕಿದ ಹಳೆಯದನ್ನು ತಿಂಗಳ ಹಿಂದೆ ಟೆಂಪೋದಲ್ಲಿ ಕಳಿಸಿದ್ದ. ಹೈಸ್ಕೂಲಿನಲ್ಲಿ ಗುಮಾಸ್ತರಾಗಿದ್ದ ನಮ್ಮ ಯಜಮಾನರು ಅದಕ್ಕಾಗಿ ಇಂಟರ್ನೆಟ್ ಪ್ಯಾಕೆಟ್ಟನ್ನೂ ತಂದಿದ್ದರು. ಜೋಡಿಸುವ ಕೆಲಸ ಮಾತ್ರ ನಾಳೆ ನಾಡಿದ್ದು ಎಂದು ಹಾಗೇ ಉಳಿದಿತ್ತು.

ಅದು ಡಯಲ್-ಅಪ್ ಕಾಲ. ಮನೆಯ ಫೋನಿನ ತಂತಿಯನ್ನೇ ಕಂಪ್ಯೂಟರಿಗೆ ಚುಚ್ಚಬೇಕು. ಒಳಗಿನ ಮೋಡೆಮ್ ಎಂಬ ಭಾಗ ನಾವು ಫೋನ್ ಹಚ್ಚಿದಂತೆಯೇ ಇಂಟರ್ನೆಟ್ ಕೇಂದ್ರಕ್ಕೆ ಫೋನ್ ಹಚ್ಚುತ್ತದೆ. ಯಜಮಾನರು ಪ್ಯಾಕೆಟ್ಟಿನ ಚೀಟಿ ನೋಡಿ ಹೆಸರು, ಪಾಸ್‌ವರ್ಡ್, ನಮ್ಮ ಊರಿನ ಕೋಡ್, ಆರು ಅಂಕಿಯ ನಂಬರು ಎಲ್ಲ ತುಂಬಿದರು. ಕರೆಂಟ್ ಇತ್ತು, ಫೋನಿನಲ್ಲಿ ಡಯಲ್ ಟೋನ್ ಇತ್ತು. ಎರಡೂ ಒಟ್ಟಿಗೇ ಇರುವುದು ನಮ್ಮೂರಲ್ಲಿ ಸಣ್ಣ ಮಾತಲ್ಲ. ವಿಠ್ಠಲನಿಗೆ ಕೈ ಮುಗಿದೆ.

ಯಂತ್ರ ಪೀ ಪೀ ಎಂದು ಕೂಗಿತು, ತಡೆಯಿತು, ಸೋತಿತು. ಐದು ಸಲವೂ ಅದೇ ಕಥೆ.

"ನಿಮ್ಮ ತವರಮನಿ ಮಷಿನ್ ಹಿಂಗ. ಹೇಳಿದ ಮಾತ ಒಟ್ಟ ಕೇಳಂಗಿಲ್ಲ" ಎಂದು ಯಜಮಾನರು ಮೌಸನ್ನು ಕುಕ್ಕಿದರು.

"ಮಷಿನ್ ಬಿಡ್ರಿ, ನನ್ನ ಮಾತರ ಯಾರ ಕೇಳ್ಯಾರ ಈ ಮನ್ಯಾಗ?" ಅಂದೆ.

ಸುಮನ್ ಯಂತ್ರದ ಹತ್ತಿರ ಕಿವಿಯಿಟ್ಟಳು. "ಅಣ್ಣಾ, ಒಳಗ ಯಾರೋ ಹೆಣ್ಮಗಳು ಮಾತಾಡಾಕತ್ತಾಳ."

ಮೊರ ಬಿಟ್ಟು ಎದ್ದು ಹೋಗಿ ನಾನೂ ಕೇಳಿದೆ. ಸಣ್ಣ ದನಿ, ಆದರೆ ಪರಿಚಯದ್ದು.

"ಇಕಿ ನನಗ ಗುರ್ತ ಅದಾಳ್ರಿ. ಈ ಫೋನಿನ್ಯಾಗ ಮೊದಲ ಸೊನ್ನಿ ಒತ್ತಿದ್ರ ಇಕೀನ ಬರಾಕಿ. ಎಸ್‌ಟಿಡಿ ಸೌಲಭ್ಯ ಇಲ್ಲ ಅಂತಾಳ."

"ನಿನಗ ಹೆಂಗ ಗೊತ್ತು?"

"ಅವ್ವನ ನೆನಪಾದಾಗ ಒತ್ತಿ ನೋಡೇನ್ರಿ. ನಾಕೈದ ಸಲ."

ಯಜಮಾನರು ಚೀಟಿಯನ್ನು ಮತ್ತೆ ಕೈಗೆತ್ತಿಕೊಂಡರು. ಬೇರೆ ಊರಿಗೆ ನಾವೇ ಫೋನ್ ಹಚ್ಚುವ ಎಸ್‌ಟಿಡಿ ಸೌಲಭ್ಯವನ್ನು ಅವರು ನಮ್ಮ ಫೋನಿಗೆ ಹಾಕಿಸಿರಲಿಲ್ಲ. ಬೇರೆ ಊರಾದರೆ ಸೊನ್ನೆಯಿಂದ ಶುರುಮಾಡಬೇಕು. ಆದರೆ ಚೀಟಿಯಲ್ಲಿದ್ದದ್ದು ನಮ್ಮ ಕಡೆಯದೇ ನಂಬರು, ಸೊನ್ನೆ ಬೇಕಿಲ್ಲ.

"ಮತ್ತೊಮ್ಮಿ ಹಚ್ಚರಿ, ಎಣಸ್ತೀನಿ" ಅಂದೆ. ಜಪ ಎಣಿಸುವಂತೆ ಬೆರಳ ಗೆಣ್ಣುಗಳ ಮೇಲೆ ಒಂದೊಂದು ಸದ್ದನ್ನೂ ಎಣಿಸಿದೆ. ಬಹಳ ಅವಸರದ ಸದ್ದುಗಳು. ಮೂರು ಸಲ ಎಣಿಸಿದ ಮೇಲೆ ಲೆಕ್ಕ ಗಟ್ಟಿಯಾಯಿತು. ಹನ್ನೊಂದು. ಬೇರೆ ದಿನವಾಗಿದ್ದರೆ ದಸ್ತಗೀರಣ್ಣನ ಮಗ್ಗಗಳ ಖಟಖಟದಲ್ಲಿ ನನಗೆ ಒಂದೂ ಕೇಳುತ್ತಿರಲಿಲ್ಲ. ಬಸ್ಸು ನಿಲ್ಲಿಸಿದ ಬಂದ್ ಮಗ್ಗಗಳನ್ನೂ ನಿಲ್ಲಿಸಿತ್ತು.

"ಚೀಟ್ಯಾಗ ಆರ ಐತಿ, ಇದು ಹನ್ನೊಂದ ಒತ್ತಾಕತ್ತೈತಿ. ಸೊನ್ನಿ, ನಮ್ಮ ಊರ ಕೋಡಿಂದು ನಾಕು, ಆಮ್ಯಾಲ ಆ ಆರು."

ಯಜಮಾನರು ಡಯಲಿಂಗ್ ಸೆಟ್ಟಿಂಗ್ ತೆರೆದರು. ಎಲ್ಲಿಂದ ಫೋನ್ ಹಚ್ಚುತ್ತಿದ್ದೀರಿ ಎಂದು ಕೇಳುವ ಒಂದು ಖಾನೆ ಅಲ್ಲಿತ್ತು. ಅದರಲ್ಲಿ ಇನ್ನೂ ಕೊಲ್ಲಾಪುರದ ಕೋಡ್ ಕೂತಿತ್ತು. ಗಡಿ ದಾಟಿ ತಿಂಗಳಾಗಿದ್ದರೂ ಕಂಪ್ಯೂಟರಿಗೆ ಅದನ್ನು ಯಾರೂ ಹೇಳಿರಲಿಲ್ಲ. ಅದು ಕೊಲ್ಲಾಪುರದಲ್ಲೇ ಇದ್ದೇನೆಂದು ತಿಳಿದು ನಮ್ಮ ಮನೆಯಿಂದ ನಮ್ಮ ಕಡೆಗೇ ಎಸ್‌ಟಿಡಿ ಹಚ್ಚುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ಒಂದು ವರ್ಷ "ನಮ್ಮೂರಾಗ" ಎಂದೇ ಮಾತು ಶುರುಮಾಡುತ್ತಿದ್ದೆ. ಅದಕ್ಕೇ ನನಗೆ ಅದರ ಮೇಲೆ ಸಿಟ್ಟು ಬರಲಿಲ್ಲ.

ಕೋಡ್ ಬದಲಿಸಿದರು. ಈ ಸಲ ಆರೇ ಸದ್ದು. ಆಮೇಲೆ ತಗಡು ಕೆರೆದಂತೆ ಕಿರುಚಿ, ಕನೆಕ್ಟ್ ಆಯಿತು. ಪಟ್ಟಿ ಸಾಲುಸಾಲಾಗಿ ಇಳಿಯಲು ಇಪ್ಪತ್ತು ನಿಮಿಷ ಹಿಡಿಯಿತು. ನಾಲ್ಕನೆಯ ಪುಟದಲ್ಲಿ ಸುಮನ್ ಹೆಸರಿತ್ತು. ಮೊದಲ ದಿನವೇ, ಬೆಳಿಗ್ಗೆ ಹತ್ತಕ್ಕೆ. ಕ್ರಮಸಂಖ್ಯೆಯನ್ನು ಅವಳು ಕೈಮೇಲೆ ಬರೆದುಕೊಂಡಳು, ನಾನು ಗೋಡೆಯ ಕ್ಯಾಲೆಂಡರಿನ ಮೇಲೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಬರೆದಾದ ಮೇಲೆ ಹೋಯಿತಲ್ಲ, ಅದೂ ಕೃಪೆಯೇ.

ಸುಮನ್ ಈಗ ಅಥಣಿ ಕಡೆ ಸರ್ಕಾರಿ ನರ್ಸ್. ಆ ವಾರವೇ ಯಜಮಾನರು ಯಾರಿಗೂ ಹೇಳದೆ ಎಸ್‌ಟಿಡಿಗೆ ಅರ್ಜಿ ಕೊಟ್ಟು ಬಂದರು. ಗೃಹಿಣಿಯ ಹುದ್ದೆ ನನಗೆ ಕಲಿಸಿದ್ದು ಇಷ್ಟೇ: ಯಾವುದನ್ನಾದರೂ ಮಾತು ಕೇಳುವುದಿಲ್ಲ ಎಂದು ಬಯ್ಯುವ ಮೊದಲು, ಅದು ಹೇಳುವುದನ್ನು ನಾವು ಪೂರ್ತಿ ಕೇಳಿದ್ದೇವೆಯೇ ನೋಡಬೇಕು.

ಅಂದು ಇಷ್ಟೆಲ್ಲ ಯೋಚಿಸಲು ಹೊತ್ತಿರಲಿಲ್ಲ. "ನಸುಕಿನ್ಯಾಗ ಬೈಕ್ ಮ್ಯಾಲ ಹೋಗೂಣು" ಎಂದು ಯಜಮಾನರು ಹೇಳಿದ್ದೇ ತಡ, ಸುಮನ್ ಟ್ರಂಕಿನಿಂದ ನರ್ಸಿಂಗ್ ಕಲಿಯುವಾಗಿನ ತನ್ನ ಬಿಳಿ ಸೀರೆ ತೆಗೆದಳು. ಮಡಿಕೆಗಳು ಹಳದಿಗಟ್ಟಿದ್ದವು.

"ವೈನಿ, ಇದು ಹಿಂಗ ಉಟ್ಕೊಂಡ್ರ ನಡೀತೈತೇನು?"

"ತಾ ಇಲ್ಲೆ" ಅಂದೆ. ಅಂಗಳದಲ್ಲಿ ಇನ್ನೂ ಎರಡು ತಾಸು ಬಿಸಿಲಿತ್ತು. ಗೋಧಿಯ ಮೊರವನ್ನು ಗೋಡೆಗೆ ಸರಿಸಿ, ಸೀರೆಯನ್ನು ಸಾಬೂನು ನೀರಲ್ಲಿ ನೆನೆಹಾಕಿ, ಅದಕ್ಕೆ ಗಂಜಿ ಕಾಯಿಸಲು ಒಳಗೆ ಹೋದೆ.