ತಿಳಿಹಳದಿ ಎಂದು ಬರೆದ ಪುಡಿ

ಅಮೆರಿಕದ ಕ್ಯಾರಿ ಎಂಬ ಊರಿಗೆ ಬಂದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಔಷಧಿ ಪರೀಕ್ಷಿಸುವ ಒಂದು ಸಣ್ಣ ಲ್ಯಾಬಿನಲ್ಲಿ. ಹೊಸ ರಾಸಾಯನಿಕ ಬಂದರೆ ಯಂತ್ರಕ್ಕೆ ಹಾಕುವ ಮುಂಚೆ ಕಣ್ಣಾರೆ ನೋಡಿ ಬರೆಯಬೇಕು: ಪುಡಿಯೋ, ಹರಳೋ, ದ್ರವವೋ, ಬಣ್ಣ ಯಾವುದು, ಗಂಟು ಕಟ್ಟಿದೆಯೇ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಸಹಿ ಹಾಕಬೇಕು.

ಇದನ್ನೆಲ್ಲ ಕಲಿಸಿದವರು ನಮ್ಮ ಮೈಸೂರಿನ ಕಡೆಯವರೇ ಆದ ಹಿರಿಯ ಕೆಮಿಸ್ಟ್. ಅರವತ್ತೆಂಟು ದಾಟಿದ ಹೆಂಗಸು, ಗಂಡ ತೀರಿಕೊಂಡು ಒಬ್ಬರೇ ಇದ್ದರು. ಎಂಟು ವರ್ಷ ಕೆಲಸವಿಲ್ಲದೆ ಮನೆಯಲ್ಲಿದ್ದು ಬಂದ ನಾನು ಗಡಿಬಿಡಿ ಮಾಡಿದರೆ, "ಅವಸರ ಬೇಡ ಕಣೇ. ಬಿಳಿ ಕಾಗದದ ಮೇಲಿಟ್ಟು ಸುಮ್ನೆ ನೋಡು. ಕಂಡಷ್ಟೇ ಬರಿ," ಎಂದು ಗದರಿಸುತ್ತಿದ್ದರು.

ಕೋವಿಡ್‌ನ ಎರಡನೇ ವರ್ಷ. ಒಂದು ಬೆಳಿಗ್ಗೆ ಅವರು 'ತಿಳಿಹಳದಿ ಪುಡಿ' ಎಂದು ಬರೆದು ಸ್ಯಾಂಪಲ್ಲನ್ನು ನನ್ನ ಮುಂದಿಟ್ಟರು. ಕಿಟಕಿಯ ಹತ್ತಿರ ಒಯ್ದು ನೋಡಿದೆ. ಅಚ್ಚ ಬಿಳಿ. ಬಿಳಿ ಕಾಗದದ ಮೇಲಿಟ್ಟು ಮತ್ತೆ ನೋಡಿದೆ. ಹೇಳಿದರೆ ಅವರಿಗೆ ಬೇಜಾರು. ಹೇಳದೆ ಸಹಿ ಹಾಕಲು ಮನಸ್ಸು ಒಪ್ಪಲಿಲ್ಲ.

"ಮೇಡಂ, ನಂಗೆ ವೈಟ್ ಕಾಣ್ತಿದೆ."

ಅವರು ಮತ್ತೆ ಬಗ್ಗಿ ನೋಡಿದರು. "ಕೆಳಗಿರೋ ಕಾಗದ?"

"ಅದೂ ವೈಟೇ."

"ನಂಗೆ ಎಲ್ಲಾನೂ ಹಳದಿ ಕಣೇ," ಎಂದು ಮೆಲ್ಲಗೆ ಹೇಳಿ ಕುರ್ಚಿಯಲ್ಲಿ ಕೂತರು. ಮತ್ತೊಬ್ಬರನ್ನು ಕರೆದು ನೋಡಿಸಿದೆವು. ಅವರೂ ಬಿಳಿ ಎಂದರು. ಮೇಡಂ ತಾವು ಬರೆದದ್ದರ ಮೇಲೆ ಒಂದೇ ಗೆರೆ ಎಳೆದು ತಿದ್ದುವಾಗ, "ಸುಮ್ನೆ ಸಹಿ ಹಾಕ್ಲಿಲ್ವಲ್ಲ, ಒಳ್ಳೇದಾಯ್ತು," ಎಂದರು.

ಡಾಕ್ಟರಿಗೆ ತೋರಿಸಿದಾಗ ಗೊತ್ತಾಯಿತು, ಅವರ ಎರಡೂ ಕಣ್ಣಿಗೆ ಪೊರೆ ಬೆಳೆದಿತ್ತು. ಆಪರೇಷನ್ ಆದ ದಿನ ತಾವೇ ಕಾರು ಓಡಿಸುವಂತಿಲ್ಲ, ಊಬರ್‌ನಲ್ಲಿ ಒಬ್ಬರೇ ಬರಲು ಆಸ್ಪತ್ರೆಯವರು ಬಿಡುವುದೂ ಇಲ್ಲ. ಯಾರನ್ನು ಕೇಳಲಿ ಎಂದು ಅವರು ಫೋನಿನ ಹೆಸರುಗಳನ್ನು ಸರಿಸುತ್ತಿದ್ದರು.

"ನಾನು ಡ್ರೈವ್ ಮಾಡ್ತೀನಿ ಆಂಟಿ," ಎಂದೆ. ಅವರನ್ನು ಹಾಗೆ ಕರೆದದ್ದು ಅದೇ ಮೊದಲು.

ಮೊದಲ ಕಣ್ಣಿನ ಆಪರೇಷನ್ ಆದ ಮರುದಿನ ಡಾಕ್ಟರು ಪಟ್ಟಿ ತೆಗೆದರು. ಕಾರಿನಲ್ಲಿ ಕೂತು ನಾನು ಮಾಸ್ಕ್ ಕಳಚಿದೆ. ಲ್ಯಾಬಿನಲ್ಲಿ ಮಾಸ್ಕ್, ತಲೆಗೆ ಟೋಪಿ ಇಲ್ಲದೆ ನಾವು ಓಡಾಡುತ್ತಿರಲಿಲ್ಲ. ಆಂಟಿ ನನ್ನನ್ನೇ ನೋಡುತ್ತಾ ಕೂತರು.

"ಅಯ್ಯೋ, ಕೂದ್ಲು ಇಷ್ಟೊಂದು ನೆರೆತಿದ್ಯಾ! ಚಿಕ್ಕ ಹುಡುಗಿ ಅನ್ಕೊಂಡು ಗದರಿಸ್ತಿದ್ನಲ್ಲೇ ನಿನ್ನ."

ಹಾಗೆಂದು ನನ್ನ ಕಿವಿಯ ಹಿಂದಿನ ಕೂದಲನ್ನು ಸವರಿದರು. ನನಗೆ ನಗು ಬಂತು.

ಇನ್ನೊಂದು ಕಣ್ಣೂ ಆದ ಮೇಲೆ ಅವರು ಕೆಲಸಕ್ಕೆ ಮರಳಿದರು. ಈಗ ರಿಟೈರ್ ಆಗಿದ್ದಾರೆ. ಭಾನುವಾರ ನಮ್ಮಲ್ಲೇ ಊಟ. ಸಾರಿಗೆ ಉಪ್ಪು ಕಡಿಮೆ ಎಂದು ಈಗಲೂ ಗದರಿಸುತ್ತಾರೆ.